ನರಗುಂದದಿಂದ ಕ್ವಾಲಾಲಂಪುರಕ್ಕ, ಸೈಕಲ್ ಮ್ಯಾಲೆ

— ಬರಬೇಕಾದ್ರ ಎಷ್ಟೊತ್ತು ಹಿಡೀತು ತಂಗಿ?

— ನರಗುಂದ ಬಿಟ್ಟಾಗ ಇನ್ನೂ ನಸುಕಿತ್ತು ಕಾಕಾರ. ರೋಣದಾಗ ಚಾ ಕುಡದು, ಸೂಡಿ ಹಾದು, ಬಿಸಲೇರೂದ್ರಾಗ ಗಜೇಂದ್ರಗಡದಾಗ ನಿಮ್ಮ ಸೈಕಲ್ ಅಂಗಡಿ ಮುಂದ ಇದ್ದೆ. ಹಿಂಗಾದ್ರ ದಿನಕ್ಕ 120 ಕಿಲೋಮೀಟರ್ ಲೆಕ್ಕಾ ಹಿಡೀಬಹುದು ಅನ್ನಸ್ತು.

— ಗುಡ್ಡದ ಮ್ಯಾಲಿನ ಗಾಳಿಯಂತ್ರ ಯಾ ಕಡೆ ಮಾರಿ ಮಾಡಿದ್ವು?

— ಪಡುವಲಕ್ಕರಿ.

— ಆಷಾಢದ ಗಾಳಿ ಪಡುವಲದಿಂದ ಬೀಸತೈತಿ. ಬರೂವಾಗ ನಿನ್ನ ಬೆನ್ನಿಗಿತ್ತು, ನಾಳೆ ಹೋಗೂವಾಗ ಎದಿಗೆ ಬಡೀತೈತಿ. ರೋಣ ಮುಟ್ಟಿದ ಮ್ಯಾಲೆ ಆ 120ರ ಲೆಕ್ಕಾ ಮತ್ತೊಮ್ಮೆ ಹಾಕು. ಅದಿರ್ಲಿ, ಫೋನಿನಾಗ ದೇಶ ದಾಟಿ ದೇಶಕ್ಕ ಹೊಂಟೇನಿ ಅಂದಿ. ಎಲ್ಲಿಗೆ?

— ಮೊದಲ ಮನಸಿನಾಗಿದ್ದದ್ದು ಲಂಡನ್ ರಿ. ನರಗುಂದದ ನಮ್ಮ ಮನಿ ಕಟ್ಟೀ ಮುಂದ ಸೈಕಲ್ ಹತ್ತಿ, ಎಲ್ಲೂ ವಿಮಾನ ಏರದ ಹೋಗಬೇಕು ಅಂತ. ಹಂಗ ಹೋದವರು ಇದ್ದಾರ. ಮುಂಬೈದ ಒಂದು ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಮಂದಿ ಪಾರ್ಸಿ ಹುಡುಗರು 1923ರ ಅಕ್ಟೋಬರದಾಗ ಹೊಂಟ್ರು. ದಿಲ್ಲಿ, ಪಂಜಾಬ, ಬಲೂಚಿಸ್ತಾನ, ಇರಾನ, ಬಾಗ್ದಾದ, ಅಲ್ಲಿಂದ ಮರಳುಗಾಡು ದಾಟಿ ಯುರೋಪು. ಆಮ್ಯಾಲೆ ಅಮೆರಿಕಾ, ಜಪಾನ, ಚೀನಾ, ಬರ್ಮಾ. 1928ರ ಮಾರ್ಚದಾಗ ತಿರುಗಿ ಮುಂಬೈಗೆ ಬಂದವರು ಮೂರೇ ಮಂದಿ: ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಂಗಾರಾ. ಒಟ್ಟು 71,000 ಕಿಲೋಮೀಟರ್. ಅವರು ತಿರುಗಿ ಬರೂ ಮೊದಲ, 1926ರಾಗ, ಕಲಕತ್ತಾದಿಂದ ಬಿಮಲ್ ಮುಖರ್ಜಿ ಹೊಂಟ್ರು; ಅವರು ಊರು ಮುಟ್ಟಿದ್ದು 1937ಕ್ಕ. 1977ರಾಗ ಒಡಿಶಾದ ಚಿತ್ರಕಾರ ಪ್ರದ್ಯುಮ್ನಕುಮಾರ ಮಹಾನಂದಿಯಾ ದಿಲ್ಲಿಯಿಂದ ಸೈಕಲ್ ಮ್ಯಾಲೆ ಅಫ್ಘಾನಿಸ್ತಾನ, ಇರಾನ, ತುರ್ಕಿ ಹಾದು ಸ್ವೀಡನ್ ಮುಟ್ಟಿದ್ರು, ಹೆಂಡತಿನ್ನ ಕೂಡೂ ಸಲುವಾಗಿ.

— ಆ ದಾರಿ ಈಗ ಐತೇನು?

— ಡಾಂಬರು ಐತ್ರಿ, ಹೋಗಾಕ ಬಿಡೂದಿಲ್ಲ. 1979ರಾಗ ಇರಾನದಾಗ ಕ್ರಾಂತಿ ಆತು, ಅದೇ ವರ್ಷದ ಕಡೀಕ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕ ಹೊಕ್ತು. ನಮ್ಮ ಪಾಸ್‌ಪೋರ್ಟ್ ಹಿಡಕೊಂಡು ಪಾಕಿಸ್ತಾನ ದಾಟೂದಂತೂ ಈಗ ಕನಸಿನ ಮಾತು. ಮೂಡಲ ಕಡೆ ನೋಡಿದ್ರ ಮಣಿಪುರದ ಮೋರೆಯಿಂದ ಮ್ಯಾನ್ಮಾರ ಹಾದು ಥಾಯ್ಲೆಂಡಿನ ಮೇ ಸೋಟ್ ತನಕ 1,360 ಕಿಲೋಮೀಟರ್ ಹೆದ್ದಾರಿ ಮಾಡೂ ಯೋಜನೆ ಐತಿ. ಆದ್ರ 2021ರ ಫೆಬ್ರುವರಿದಾಗ ಅಲ್ಲಿ ಸೈನ್ಯ ಆಡಳಿತ ಹಿಡದ ಮ್ಯಾಲೆ ಊರೂರಿಗೆ ಯುದ್ಧ ನಡದೈತಿ. ಬಡಗಲಕ್ಕ ಟಿಬೇಟು, ಅಲ್ಲೆ ಒಬ್ಬರ ತಿರಗಾಕ ಬಿಡೂದಿಲ್ಲ, ಮಾರ್ಗದರ್ಶಿ ಇರಬೇಕು, ಪರವಾನಗಿ ಇರಬೇಕು. ನೂರು ವರ್ಷದ ಹಿಂದ ರಸ್ತೆ ಇರಲಿಲ್ಲ, ಬಾಗಲಾ ತಗದಿದ್ವು. ಈಗ ರಸ್ತೆ ಚಂದ ಅದಾವ, ಬಾಗಲಾ ಹಾಕ್ಯಾರ. ಇದನ್ನ ನೆನಸಿದ್ರ ನನಗ ಖರೇನ ಸಂಕಟ ಆಗತೈತ್ರಿ.

— ಸಂಕಟ ಆಗೂದು ಹೌದು. ಆದ್ರ ಗಡಿ ಅನ್ನೂದು ನಮ್ಮ ಊರಿಗೂ ಹೊಸಾದಲ್ಲ. ನಿಮ್ಮ ನರಗುಂದದ ಕೋಟೆ ಸಲುವಾಗಿ ಟಿಪ್ಪು ಸುಲ್ತಾನ, ಮರಾಠರು ಎರಡು ವರ್ಷ ಬಡದಾಡಿ, 1787ರಾಗ ನಮ್ಮ ಗಜೇಂದ್ರಗಡದ ಹೆಸರಿನ್ಯಾಗ ಒಪ್ಪಂದ ಮಾಡಿಕೊಂಡ್ರು. ಅವತ್ತು ಯಾರಿಗೆ ಯಾವ ಊರು ಅಂತ ಗೆರಿ ಕೊರದ್ರು. ಇವತ್ತು ಮುಂಜಾನೆ ನೀ ಆ ಗೆರಿ ಎಲ್ಲೆ ದಾಟಿದಿ ಅಂತ ನಿನಗ ಗೊತ್ತಿಲ್ಲ. ಆ ಬಾಗಲಾ ಎಂದರ ತಗದಾವು. ಈಗ ತಗದಿದ್ದು ಯಾವು ಹೇಳು.

— ನಮ್ಮ ದೇಶದಿಂದ ವೀಸಾ ಇಲ್ಲದ ಗಾಲಿ ಮ್ಯಾಲೆ ಸೀದಾ ಹೋಗಬಹುದಾದದ್ದು ನೇಪಾಳ, ಭೂತಾನ. ನೇಪಾಳಕ್ಕ ನಮಗ ವೀಸಾ ಬ್ಯಾಡ, ಮತದಾರ ಗುರುತಿನ ಚೀಟಿ ಇದ್ರೂ ನಡೀತೈತಿ. ಭೂತಾನಕ್ಕೂ ವೀಸಾ ಬ್ಯಾಡ, ಪರವಾನಗಿ ಬೇಕು. ಆದ್ರ 2022ರಿಂದ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ಕಟ್ಟಬೇಕು. ಸೈಕಲ್ ತುಳದು ನಿಧಾನ ಹೋಗೂವರಿಗೆ ರಾತ್ರಿ ಲೆಕ್ಕದ ಶುಲ್ಕ ಭಾಳ ತುಟ್ಟಿ ಬೀಳತೈತ್ರಿ. ಯುರೋಪು ಅಂದ್ರ ಷೆಂಗೆನ್ ವೀಸಾ. ಒಂದ್ಸಲ ಸಿಕ್ಕರ 29 ದೇಶ, ಆದ್ರ 180 ದಿನದಾಗ 90 ದಿನ ಮಾತ್ರ ಇರಬಹುದು. ಬ್ಯಾಂಕಿನ ಕಾಗದ, ಪ್ರತಿ ರಾತ್ರಿ ಎಲ್ಲೆ ಮಲಗ್ತಿ ಅನ್ನೂದಕ್ಕ ಪುರಾವೆ, ವಿಮೆ, ಎಲ್ಲಾ ಕೇಳ್ತಾರ. ಸೈಕಲ್ ಪ್ರವಾಸದಾಗ ಇಪ್ಪತ್ತನೇ ರಾತ್ರಿ ಎಲ್ಲೆ ಅಂತ ಮೊದಲ ಹೆಂಗ ಹೇಳೂದು? ಹಿಂಗ ಒಂದೊಂದನ್ನ ಅಳಿಸಿಕೋತ ಬಂದು ಕಡೀಕ ನಕಾಶಿ ಮ್ಯಾಲೆ ಉಳದದ್ದು ಇದ್ರಿ: ವಿಯೆಟ್ನಾಂದ ಹನೋಯಿದಿಂದ ಲಾವೋಸದ ವಿಯೆಂಟಿಯಾನ್, ಅಲ್ಲಿಂದ ಥಾಯ್ಲೆಂಡಿನ ಬ್ಯಾಂಕಾಕ್, ಅಲ್ಲಿಂದ ಮಲೇಶಿಯಾದ ಕ್ವಾಲಾಲಂಪುರ. ನಾಕು ದೇಶ, ಹೆಚ್ಚುಕಡಿಮಿ 3,000 ಕಿಲೋಮೀಟರ್.

— ಕಾಂಬೋಡಿಯಾ ಯಾಕ ಬಿಟ್ಟಿ? ಅಂಕೋರ್‌ವಾಟ್ ಗುಡಿ ಅಲ್ಲೇ ಐತಲ್ಲ.

— ಆಸೆ ಭಾಳ ಇತ್ತುರಿ. 2025ರಾಗ ಥಾಯ್ಲೆಂಡ್‌ಗೂ ಅವರಿಗೂ ಗಡಿ ಜಗಳ ಗುಂಡು ಹಾರಿಸೂ ತನಕ ಹೋಗಿ ರಸ್ತೆ ಬಾಗಲಾ ಬಿದ್ದುವು. ಮೊದಲ ಪ್ರವಾಸದಾಗ ಅಂಥಾ ಬಾಗಲಾ ನಂಬಿ ಹೋಗೂದು ಬ್ಯಾಡ ಅನ್ನಸ್ತು.

— ಈಗ ನೀ ಹೇಳೂದು ಯೋಜನೆ ಅನ್ನಿಸಾಕ ಹತ್ತೈತಿ. ಊರಾಗ ಯಾರನ್ನ ಕೇಳಿದ್ರೂ ಮೊದಲ ಕೇಳೂದು ಯಾವ ಸೈಕಲ್, ಎಷ್ಟ ಗೇರು, ಎಷ್ಟ ರೊಕ್ಕ ಅಂತ. ಬಾಗಲಾ ಯಾವು, ಯಾವಾಗ ತಗದಿರ್ತಾವ, ಎಷ್ಟ ದಿನ ಒಳಗ ಬಿಡ್ತಾರ ಅನ್ನೂದು ಗೊತ್ತಾದ ಮ್ಯಾಲೇ ಸೈಕಲ್ಲಿನ ಮಾತು. ದಿನದ ಲೆಕ್ಕಾ ಹೇಳು.

— ವಿಯೆಟ್ನಾಂದವರು 2023ರ ಆಗಸ್ಟದಿಂದ 90 ದಿನದ ಇ-ವೀಸಾ ಕೊಡ್ತಾರ. ಆದ್ರ ಅರ್ಜಿದಾಗ ಯಾ ಬಾಗಲದಿಂದ ಒಳಗ ಬರ್ತಿ, ಯಾ ಬಾಗಲದಿಂದ ಹೊರಗ ಹೋಗ್ತಿ ಅಂತ ಬರೀಬೇಕು. ಲಾವೋಸದ ವೀಸಾ 30 ದಿನದ್ದು. ಇ-ವೀಸಾ ಆದ್ರ ಕೆಲವೇ ಬಾಗಲದಾಗ ನಡೀತೈತಿ, ಉಳದ ಕೆಲವು ಕಡೆ ಗಡಿಯೊಳಗ ಡಾಲರ್ ಕೊಟ್ಟು ಮಾಡಿಸಬೇಕು. ಅದಕ್ಕ ಮೊದಲ ಬಾಗಲಾ ಆರಿಸಿ ಆಮ್ಯಾಲೆ ರಸ್ತೆ ಆರಿಸಬೇಕು. ನಾ ಮೊದಲ ಚಂದಾದ ರಸ್ತೆಗೆ ಗೆರಿ ಎಳದಿದ್ದೆ, ಅದು ಇ-ವೀಸಾ ನಡಿಯದ ಬಾಗಲಕ್ಕ ಹೋಗಿ ನಿಂತಿತ್ತು. ಥಾಯ್ಲೆಂಡದವರು 2024ರ ಜುಲೈದಿಂದ ನಮಗ ವೀಸಾ ಇಲ್ಲದ 60 ದಿನ ಬಿಟ್ರು, ಅದನ್ನ ಕಡಿಮಿ ಮಾಡೂ ಮಾತೂ ನಡದಾವ. ಮಲೇಶಿಯಾ 2023ರ ಡಿಸೆಂಬರದಿಂದ 30 ದಿನ. ಟಿಕೆಟ್ ತಗಸೂ ಮುಂಚೆ ಎಲ್ಲಾ ಮತ್ತೊಮ್ಮೆ ನೋಡಬೇಕ್ರಿ, ನಿಯಮ ಇಂದಿದ್ದದ್ದು ನಾಳೆ ಇರೂದಿಲ್ಲ.

— ಥಾಯ್ಲೆಂಡ್ ನಡುವ 30 ದಿನಕ್ಕ ಇಳಿಸಿದ್ರ?

— ಅಲ್ಲಿ ನನ್ನ ದಾರಿ 1,600 ಕಿಲೋಮೀಟರ್ ಐತ್ರಿ. 30 ದಿನಕ್ಕ ಆಗೂದಿಲ್ಲ. ಆವಾಗ ನೋಂಗ್‌ಖಾಯ್‌ದಿಂದ ಬ್ಯಾಂಕಾಕ್ ತನಕ ರೈಲು. ಅಲ್ಲಿಯ ಕೆಲವು ರೈಲಿನ್ಯಾಗ ಸಾಮಾನು ಡಬ್ಬಿಗೆ ಸೈಕಲ್ ಹಾಕಿಕೊಳ್ತಾರ.

— ಹಿಂಗ ಒಂದು ಕೊಂಡಿ ಕಳಚಿದ್ರೂ ನಡಿಯೂ ಹಂಗ ಇರಬೇಕು. ಮತ್ತ ಪಾಸ್‌ಪೋರ್ಟ್?

— ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಾಗ ಅರ್ಜಿ ಕೊಟ್ಟೇನ್ರಿ. 36 ಹಾಳಿದು 1,500 ರೂಪಾಯಿ, 60 ಹಾಳಿದು 2,000. 60 ಹಾಳಿದಕ್ಕ ಹಾಕೇನಿ. ಪ್ರತಿ ದೇಶಕ್ಕ ಹೋಗೂವಾಗ ಅದಕ್ಕ ಆರು ತಿಂಗಳ ಅವಧಿ ಉಳದಿರಬೇಕು. ಒಂದು ಸಮಾಧಾನ ಅಂದ್ರ, ಮೋಟರ್‌ಸೈಕಲ್ ಒಯ್ಯೂವರು ಕೆಲವು ದೇಶಕ್ಕ ಗಾಡಿದೇ ಬ್ಯಾರೆ ಕಾಗದ ಮಾಡಿಸಿ ಠೇವಣಿ ಇಡಬೇಕಾಗತೈತಿ. ಸೈಕಲ್ಲಿಗೆ ಅಂಥಾದ್ದೇನೂ ಬ್ಯಾಡ. ಗಡಿ ಕಟ್ಟೀ ಒಳಗ ಅದು ನನ್ನ ಕೈಚೀಲ ಇದ್ದಂಗ.

— ಹೊಂಡೂದು ಯಾವಾಗ?

— ರಜಾ ಯಾವಾಗ ಕೇಳಿದ್ರೂ ಕೊಡ್ತಾರ ಕಾಕಾರ, ಬಿನ್‌ಪಗಾರಿ ಮೂರು ತಿಂಗಳು. ನಾ ಏಪ್ರಿಲ್ ಅಂದುಕೊಂಡಿದ್ದೆ, ಬ್ಯಾಸಗಿ ರಜಾದಾಗ ಮನಿಯವರೂ ಬಿಡುವಿರ್ತಾರ ಅಂತ.

— ಏಪ್ರಿಲ್‌ದಾಗ ರೋಣದ ಎರಿ ಹೊಲ ಬಿರಕು ಬಿಟ್ಟಿರ್ತಾವ, ಅಲ್ಲಿ ಇನ್ನೂ ಹೆಚ್ಚಿನ ಕುದಿ. ಆ ಕಡೆ ನಮ್ಮ ಹಂಗ ಮುಂಗಾರು, ಹಿಂಗಾರು ಅದಾವೇನು?

— ಅದಾವ್ರಿ. ಮೇದಿಂದ ಅಕ್ಟೋಬರ್ ತನಕ ನೈಋತ್ಯದ ಮಳಿ. ನವೆಂಬರದಿಂದ ಫೆಬ್ರುವರಿ ತನಕ ಒಣ ಹವಾ, ಗಾಳಿ ಈಶಾನ್ಯದಿಂದ.

— ಮುಗೀತಲ್ಲ! ನಿನ್ನ ದಾರಿ ಹನೋಯಿದಿಂದ ತೆಂಕಲಕ್ಕ ಇಳೀತೈತಿ. ನವೆಂಬರದಾಗ ಹೊಂಟ್ರ ಗಾಳಿ ಬೆನ್ನಿಗೆ. ಅದೇ ದಾರಿ ಕ್ವಾಲಾಲಂಪುರದಿಂದ ಸುರು ಮಾಡಿದ್ರ ಮೂರು ತಿಂಗಳು ಎದಿಗೆ. ದಿಕ್ಕು ಆರಿಸೂದಕ್ಕ ರೊಕ್ಕ ಬೀಳೂದಿಲ್ಲ, ಅದ್ರಷ್ಟು ಉಪಯೋಗದ್ದು ಯಾವ ಗೇರೂ ಇಲ್ಲ.

— ಇನ್ನೊಂದು ಐತ್ರಿ. ಜನವರಿ ನಂತರ ಹನೋಯಿ ಸೀಮ್ಯಾಗ ಜಿಟಿಜಿಟಿ ಮಳಿ, ಮಂಜು. ನವೆಂಬರದಾಗ ತಿಳಿ ಇರತೈತಿ. ತೆಂಕಣ ಥಾಯ್ಲೆಂಡಿನ ಮೂಡಲ ದಂಡೀಗೆ ಡಿಸೆಂಬರ್ ತನಕ ಮಳಿ ಬಿಡೂದಿಲ್ಲ, ಜನವರಿದಾಗ ಇಳೀತೈತಿ. ಅಂದ್ರ ಅವಸರ ಮಾಡಿ ಮೊದಲ ಮುಟ್ಟಿದ್ರ ತೊಯ್ಯೂದು.

— ಹಂಗಾರ ನಿಧಾನ ಹೋಗೂ ಲೆಕ್ಕಾ ಹಾಕು. ದಿನಕ್ಕ 60 ಕಿಲೋಮೀಟರ್, ವಾರಕ್ಕ ಐದು ದಿನ. ಒಂದು ದಿನ ಬಟ್ಟಿ ಒಗಿಯಾಕ, ಚೈನು ಒರಸಾಕ. ಇನ್ನೊಂದು ದಿನ ಊರು ನೋಡಾಕ, ಮೈ ಸರಿ ಇಲ್ಲದಿದ್ರ ಮಲಗಾಕ. ವಾರಕ್ಕ 300. 3,000ಕ್ಕ ಹತ್ತು ವಾರ. ಮೂರು ತಿಂಗಳಾಗ ಮತ್ತೂ ಮೂರು ವಾರ ಕೈಯಾಗ ಉಳೀತಾವ.

— ಹುಬ್ಬಳ್ಳಿಯಾಗ ಬಿಆರ್‌ಎಂ ಅಂತ ಮಾಡ್ತಾರಲ್ರಿ, 200 ಕಿಲೋಮೀಟರ್ ಹದಿಮೂರುವರಿ ತಾಸಿನ್ಯಾಗ ಮುಗಸೂದು. ಅದನ್ನ ಮುಗಿಸಿದವರು 60 ಅಂದ್ರ ನಗ್ತಾರ.

— ಅವರ ಕೆಲಸ ಬ್ಯಾರೆ, ಅದರ ಬಗ್ಗೆ ನನಗ ಗೌರವ ಐತಿ. ನಮ್ಮ ಗದಗ, ಬಾಗಲಕೋಟಿ, ವಿಜಯಪುರ ಸೀಮ್ಯಾಗ ದೇಶಕ್ಕ ಗೊತ್ತಾದ ಸೈಕಲ್ ಹುಡುಗರು ಹುಟ್ಯಾರ. ಅವರು ಗಡಿಯಾರದ ಜೋಡಿ ಓಡ್ತಾರ, ಮರುದಿನ ಮಲಗ್ತಾರ. ನೀ ಮರುದಿನಾನೂ ತುಳೀಬೇಕು, ಅದರ ಮರುದಿನಾನೂ. ಯುಗಾದಿ ಮುಂದ ಶ್ರೀಶೈಲಕ್ಕ ನಾನೂ ನಡಕೊಂಡು ಹೋಗೇನಿ. ಮೊದಲನೇ ದಿನ ಓಡಿದವರು ಮೂರನೇ ದಿನ ಬೊಬ್ಬಿ ಎದ್ದು ಗಿಡದ ನೆಳ್ಳಾಗ ಕುಂತಿರ್ತಾರ. ಹೊತ್ತಗೊಂಡು ಹೋದ ಸಾಮಾನನ್ನೂ ದಾರ್ಯಾಗ ಬಿಟ್ಟು ಹೋಗ್ತಾರ. ನಿನ್ನ ಚೀಲದಾಗ ಏನೇನ್ ಹಾಕಿ?

— ಟೆಂಟು, ಒಲಿ, ಹಾಸಿಗಿ, ಮೂರು ಜೋಡಿ ಬಟ್ಟಿ, ಔಷಧ, ಪಾನಾ, ಲ್ಯಾಪ್‌ಟಾಪು, ಎರಡು ಪುಸ್ತಕ. 26 ಕಿಲೋ ಆಗೈತಿ.

— ಹದಿನೈದಕ್ಕ ಇಳಸು. ಟೆಂಟು ಎಲ್ಲೆ ಹಾಕಾಕಿ ನೀ?

— ಲಾವೋಸದ ಗುಡ್ಡದಾಗ ಊರಿಲ್ಲದ ಕಡೆ.

— ಆ ಲಾವೋಸದ ಬಗ್ಗೆ ಪೇಪರಿನ್ಯಾಗ ಓದಿದ್ದು ನನಗ ನೆನಪೈತಿ. ಬಾಂಬು.

— ಹೌದ್ರಿ. 1964ರಿಂದ 1973ರ ನಡುವ ಅಮೆರಿಕಾದವರು ಆ ಸಣ್ಣ ದೇಶದ ಮ್ಯಾಲೆ 20 ಲಕ್ಷ ಟನ್ನಿಗಿಂತ ಹೆಚ್ಚ ಬಾಂಬು ಸುರದಾರ. ಸಿಡಿಯದ ಉಳದಾವು ಈಗೂ ಮಣ್ಣಾಗ ಅದಾವ. ಹೊಲದಾಗ ಗುದ್ದಲಿ ಹಾಕಿದವರು, ಆಡೂ ಹುಡುಗರು ಈಗೂ ಸಾಯ್ತಾರ. ವಿಯೆಟ್ನಾಂ ಗಡೀ ಹತ್ತರ ಅದು ಹೆಚ್ಚು. ನಾ ದಾಟೂದೂ ಅದೇ ಗುಡ್ಡ.

— ಅಂಥಲ್ಲೆ ರಸ್ತೆ ಬಿಟ್ಟು ಒಂದು ಹೆಜ್ಜಿ ಇಡಬ್ಯಾಡ. ಮಲಗೂದಕ್ಕಷ್ಟ ಅಲ್ಲ, ಬಯಲಕಡೀಗೂ. ಊರಾಗಿನ ವಸತಿಮನಿಯಾಗ ಮಲಗು, ಊರಿಂದ ಊರಿಗೆ ಎಷ್ಟ ದೂರ ಐತೋ ಅಷ್ಟೇ ಅವತ್ತಿನ ದಾರಿ. ಒಂದು ದಿನ 35 ಕಿಲೋಮೀಟರ್ ಆದ್ರೂ ಅಷ್ಟೇ. ಹಂಗಾದ್ರ ಟೆಂಟು, ಒಲಿ, ಹಾಸಿಗಿ ಮೂರೂ ಇಲ್ಲೇ ಇಡು. ಏಳು ಕಿಲೋ ಹೋತು. ಲ್ಯಾಪ್‌ಟಾಪು ಯಾರ ಸಲುವಾಗಿ?

— ಬರಿಯಾಕ ಅಂತ...

— ವಹಿ ಒಯ್ಯಿ. ಈಗ ಸೈಕಲ್ ನೋಡೂಣು. ಉಕ್ಕಿನ ಫ್ರೇಮು, 26 ಇಂಚಿನ ಗಾಲಿ. ಸಂತೋಷ. ಹಳೇ ಮಾದರಿ ಅಂತ ನಿನಗ ಯಾರರ ಅಂದಿರಬೇಕು.

— ಅಂದ್ರಿ. ಅಲ್ಯುಮಿನಿಯಂ ತಗೋ, ದೊಡ್ಡ ಗಾಲೀದು ತಗೋ ಅಂದ್ರು.

— ಉಕ್ಕು ಬಿರಕು ಬಿಟ್ರ ಯಾ ಹಳ್ಳ್ಯಾಗರೂ ವೆಲ್ಡಿಂಗ್ ಮಾಡೂವ ಸಿಗ್ತಾನ. 26 ಇಂಚಿನ ಟಾಯರು ಹುಡುಗರ ಸೈಕಲ್ ಮಾರೂ ಅಂಗಡಿಯಾಗೂ ಸಿಗತೈತಿ. ಟ್ಯೂಬಿನ ಮೂಗು ನೋಡು, ಮೋಟರ್‌ಸೈಕಲ್ ಟ್ಯೂಬಿಗಿರೂದೇ ಐತಿ. ಇದನ್ನ ಬದಲಿಸಬ್ಯಾಡ. ನೀ ಹೋಗೂ ದೇಶ ಎಲ್ಲಾ ಮೋಟರ್‌ಸೈಕಲ್ಲಿನ ದೇಶ. ಪಂಚರ್ ಅಂಗಡಿಯವ ಮರುಮಾತಿಲ್ಲದ ಹವಾ ಹಾಕ್ತಾನ. ಸಣ್ಣ ಮೂಗಿನದಾದ್ರ ಅವನ ಪೈಪು ಕೂಡೂದಿಲ್ಲ. ಗೇರು ಸರಿ ಅದಾವ, ಮುಂದಿನ ಸಣ್ಣ ಚಕ್ರದ ಮ್ಯಾಲೆ ನಮ್ಮ ಗುಡ್ಡ ಹತ್ತಿದಿ ಅಂದ್ರ ಅಲ್ಲಿಯ ಗುಡ್ಡಾನೂ ಹತ್ತತಿ. ಚೈನು ಹಳೇದು. ಹನ್ನೆರಡು ಇಂಚಿನ ಉಕ್ಕಿನ ಪಟ್ಟಿ ಇಟ್ಟು ನೋಡು: ಹನ್ನೆರಡು ಜೋಡಿ ಕೊಂಡಿ ಸರಿಯಾಗಿ ಹನ್ನೆರಡು ಇಂಚಿಗೆ ಕೂಡಬೇಕು. ಇಲ್ಲೆ ಇಂಚಿನ ಹದಿನಾರನೇ ಒಂದು ಪಾಲು ಮುಂದ ಹೋಗೈತಿ. ಇನ್ನೂ ಓಡಿಸಿದ್ರ ಹಿಂದಿನ ಹಲ್ಲನ್ನೂ ತಿಂತೈತಿ. ಹೊಸಾದು ಹಾಕೂಣು. ಆದ್ರ ನನಗ ಚಿಂತಿ ಇರೂದು ಹಿಂದಿನ ಗಾಲೀದು.

— ಗಾಲಿ ಸೀದಾ ಓಡತೈತಲ್ರಿ?

— ಕಡ್ಡಿ ಎರಡೆರಡು ಹಿಡದು ಹಿಚಕಿ ನೋಡು. ಇದು ಬಿಗಿ, ಇದು ಸಡ್ಲ, ಇದು ಮತ್ತೂ ಸಡ್ಲ. ಯಂತ್ರದಾಗ ಕಟ್ಟಿದ ಗಾಲಿ. ನಮ್ಮ ಹಳೇ ಅಟ್ಲಾಸ್ ಸೈಕಲ್ಲಿಗೆ ಮುಂದ 32 ಕಡ್ಡಿ, ಹಿಂದ 40 ಇರ್ತಿದ್ವು. ಯಾಕ? ಭಾರ ಎಲ್ಲಾ ಹಿಂದ. ಎರಡು ಚೀಲ ಶೇಂಗಾ ಕ್ಯಾರಿಯರ್ ಮ್ಯಾಲೆ ಹಾಕಿ ಸಂತಿಗೆ ತರೂವರ ಸೈಕಲ್ ಅವು. ಮಂದಿ ತಿಳಕೊಂಡಿರೂದು ಏನಂದ್ರ ಕಡ್ಡಿ ತಗ್ಗಿನ್ಯಾಗ ಬಿದ್ದು ಮುರೀತಾವ ಅಂತ. ಅಲ್ಲ. ಸಡ್ಲಿದ್ದ ಕಡ್ಡಿ ಗಾಲಿ ತಿರಗಿದಾಗೊಮ್ಮೆ ಬಾಗತೈತಿ, ನೆಟ್ಟಗಾಗತೈತಿ. ಲಕ್ಷ ಸಲ ಹಂಗ ಆಗಿ, ಹಬ್ಬಿನ ಹತ್ತರ ಬಾಗಿದ ಕುತಗಿಯಾಗ ದಣದು ಮುರೀತೈತಿ. ಅದೂ ಹೆಚ್ಚಾಗಿ ಫ್ರೀವೀಲ್ ಕಡೇದು, ಆ ಕಡೀಗೆ ಎಳತ ಹೆಚ್ಚ. ಆ ಕಡ್ಡಿ ಹಾಕಬೇಕಂದ್ರ ಫ್ರೀವೀಲ್ ಬಿಚ್ಚಬೇಕು, ಫ್ರೀವೀಲ್ ಬಿಚ್ಚೂ ಪಾನಾ ಆ ಗುಡ್ಡದಾಗ ಯಾರ ಹಂತೇಕೂ ಇರೂದಿಲ್ಲ. ನಾನು 36 ಕಡ್ಡಿ ಹಬ್ಬು ಹಾಕಿ ಹೊಸಾದಾಗಿ ಕಟ್ಟಿ ಕೊಡ್ತೇನಿ. ನೀ ಎದುರು ಕುಂತು ನೋಡಬೇಕು, ಕಡೀ ಸುತ್ತು ನಿಪ್ಪಲ್ ನೀನಾ ಬಿಗೀಬೇಕು.

— ಕಲಸ್ತೀರಿ?

— ಕಲಸ್ದ ಕಳಸೂದಿಲ್ಲ. ಪಂಚರ್ ತಗಿಯೂದು, ಬ್ರೇಕ್ ಬಿಗಿಯೂದು, ಚೈನ್ ಜೋಡಸೂದು, ಕಡ್ಡಿ ಹಾಕಿ ಗಾಲಿ ಬೆಂಡ್ ತಗಿಯೂದು. ಈ ನಾಕು ಬಂದ್ರ ಸಾಕು. ಉಳದದ್ದು ಕೆಟ್ರ ಗಾಡಿಗೆ ಕೈ ಮಾಡಿ ಸೈಕಲ್ ಮ್ಯಾಲೆ ಹಾಕಿ ಮುಂದಿನ ಊರಿಗೆ ಹೋಗು, ಅದ್ರಾಗ ಸೋಲು ಏನೂ ಇಲ್ಲ. ಕನ್ನಡಿ ಹಾಕಸ್ತಿ?

— ಬಲಗಡೆ ಹಾಕಸ್ಬೇಕು ಅಂತ ಮಾಡೇನ್ರಿ. ಅಲ್ಲ, ತಡೀರಿ. ವಿಯೆಟ್ನಾಂ, ಲಾವೋಸದಾಗ ಗಾಡಿ ಎಲ್ಲಾ ರಸ್ತೆ ಬಲಕ್ಕ ನಡೀತಾವ. ಅಲ್ಲೆ ಹಿಂದಿನ ಗಾಡಿ ನನ್ನ ಎಡಗಡೀಂದ ಬರತೈತಿ. ವಿಯೆಂಟಿಯಾನ್ ಹತ್ತರ ಮೆಕಾಂಗ್ ಹೊಳಿಗೆ 1994ರಾಗ ಕಟ್ಟಿದ ಗೆಳೆತನದ ಸೇತುವೆ ಐತಿ. ಅದರ ಮ್ಯಾಲೂ, ದಾಟಿ ಥಾಯ್ಲೆಂಡಿಗೆ ಹೋದಮ್ಯಾಲೂ ಮತ್ತ ನಮ್ಮಂಗ ಎಡಕ್ಕ.

— ಎರಡೂ ಕಡೆ ಹಿಡಿಕಿ ಕೂಡಸ್ತೇನಿ, ಸೇತುವೆ ಹತ್ತೂ ಮೊದಲ ಕನ್ನಡಿ ಬದಲಿಸು. ಮೊದಲನೇ ತಾಸು ಹುಷಾರು, ತಲಿ ಹಳೇ ಕಡೇನ ಎಳೀತೈತಿ. ಊಟದ್ದು ಹೆಂಗ? ನಿಮ್ಮ ಮನ್ಯಾಗ ತತ್ತಿನೂ ಮುಟ್ಟೂದಿಲ್ಲ.

— ಅವ್ವಂದು ಅದೇ ದೊಡ್ಡ ಚಿಂತಿ. ಆದ್ರ ವಿಯೆಟ್ನಾಂದಾಗ ‘ಚಾಯ್’ ಅಂತ ಫಲಕ ಹಾಕಿದ ಖಾನಾವಳಿ ಅದಾವ್ರಿ, ಅಲ್ಲೆ ಬರೇ ಸಸ್ಯಾಹಾರ. ಚಾಂದ್ರಮಾನ ತಿಂಗಳ ಮೊದಲನೇ ದಿನ, ಹುಣ್ಣಿವಿ ದಿನ ಅಲ್ಲಿಯ ಭಾಳ ಮಂದಿ ಬೌದ್ಧರು ಮಾಂಸ ಬಿಡ್ತಾರ. ಥಾಯ್ಲೆಂಡದಾಗ ‘ಜೇ’ ಅಂತಾರ, ಹಳದಿ ಬಾವುಟ ಹಚ್ಚಿರ್ತಾರ. ಮಲೇಶಿಯಾದಾಗ ತಮಿಳರ ಖಾನಾವಳಿ ಊರೂರಿಗೆ. ತ್ರಾಸು ಲಾವೋಸದ ಗುಡ್ಡದ ಒಂದು ವಾರ ಮಾತ್ರ. ಅಲ್ಲೆ ಜಿಗಟ ಅನ್ನ ಎಲ್ಲಾ ಕಡೆ ಸಿಗತೈತಿ. ಕೂಡಸ್ಕೊಳಾಕ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ತೇನಿ. ಕಟಕ ರೊಟ್ಟಿ ಬೆಂಗಳೂರು ತನಕ ಮಾತ್ರ, ಸೈಕಲ್ ಮ್ಯಾಲೆ ಪುಡಿ ಆಗ್ತಾವ.

— ಪುಡಿ ಆದ್ರ ಮಸರಿನ್ಯಾಗ ಕಲಸಿ ತಿನ್ನು. ಒಬ್ಬಾಕಿನೇ ಹೋಗೂದಕ್ಕ ಅಪ್ಪ ಏನಂದ್ರು?

— ಮಾತಾಡ್ಲಿಲ್ರಿ. ಅವ್ವ ಅತ್ಲು. ನಾ ಪುಣೇದ ವೇದಾಂಗಿ ಕುಲಕರ್ಣಿ ಬಗ್ಗೆ ಹೇಳಿದೆ. 2018ರಾಗ ಇಪ್ಪತ್ತು ವರ್ಷದಾಕಿ ಒಬ್ಬಾಕಿನೇ 159 ದಿನದಾಗ 29,000 ಕಿಲೋಮೀಟರ್ ತುಳದು ಜಗತ್ತು ಸುತ್ತಿದ್ಲು ಅಂತ. 1963ರಾಗ ಐರ್ಲೆಂಡಿನ ಡರ್ವ್ಲಾ ಮರ್ಫಿ ಒಬ್ಬಾಕಿನೇ ಸೈಕಲ್ ಮ್ಯಾಲೆ ದಿಲ್ಲಿಗೆ ಬಂದಿದ್ಲು, ಹತ್ತು ವರ್ಷದ ಮ್ಯಾಲೆ ಸಣ್ಣ ಮಗಳನ್ನ ಕಟಗೊಂಡು ನಮ್ಮ ಕೊಡಗಿಗೂ ಬಂದು ಪುಸ್ತಕ ಬರದ್ಲು ಅಂತ ಹೇಳಿದೆ. ಅವ್ವ ಎಲ್ಲಾ ಕೇಳಿ, ‘ಆ ಪುಣೇದಾಕಿಗೆ ದಾರ್ಯಾಗ ಏನೂ ಆಗಲಿಲ್ಲೇನು?’ ಅಂದ್ಲು. ಸ್ಪೇನಿನ್ಯಾಗ ಚಾಕು ತೋರಿಸಿ ಸುಲಿಗಿ ಮಾಡಿದ್ದು ನನಗ ಗೊತ್ತಿತ್ತು. ಮುಚ್ಚಿಡಾಕ ಮನಸಾಗ್ಲಿಲ್ಲ, ಹೇಳಿದೆ.

— ಹೇಳಿದ್ದು ಭಾಳ ಚಲೋ ಆತು. ಮುಚ್ಚಿಟ್ಟಿದ್ರ ನೀ ಹೋದ ಮ್ಯಾಲೆ ಯಾರರ ಹೇಳ್ತಿದ್ರು, ಆವಾಗ ನಿನ್ನ ಒಂದು ಮಾತೂ ನಂಬ್ತಿರಲಿಲ್ಲ. ಪಾರಾದವರ ಹೆಸರು ಹೇಳಿದ್ರ ತಾಯಿ ಕರುಳಿಗೆ ಧೈರ್ಯ ಬರೂದಿಲ್ಲ. ನೀ ಏನ್ ಮಾಡ್ತಿ ಅನ್ನೂದು ಹೇಳು. ಕತ್ತಲಾದ ಮ್ಯಾಲೆ ತುಳಿಯೂದಿಲ್ಲ, ನಾಕು ಗಂಟೇಕ ವಸತಿ ಹಿಡೀತೇನಿ. ದಿನಾ ಸಂಜಿಕ ಒಂದೇ ಹೊತ್ತಿಗೆ ಸುದ್ದಿ ಕಳಸ್ತೇನಿ. ಗುಡ್ಡದಾಗ ಸಿಗ್ನಲ್ ಇರದ ಎರಡು ದಿನ ಯಾವು ಅಂತ ಮೊದಲ ಹೇಳ್ತೇನಿ. ಎಲ್ಲಿ ಹೊಂಟಿ ಅಂತ ಕೇಳಿದವರಿಗೆಲ್ಲಾ ಖರೇ ಊರ ಹೆಸರು ಹೇಳೂದಿಲ್ಲ. ವಿಮೆ ಕಾಗದದ ಪ್ರತಿ ಮನ್ಯಾಗ. ಇಂಥಾವು.

— ತೆಂಕಣ ಥಾಯ್ಲೆಂಡಿನ ಪಟ್ಟಾನಿ, ಯಾಲಾ, ನರಾಥಿವಾಟ್ ಕಡೆ 2004ರಿಂದ ಬಂಡಾಯ ನಡದೈತಿ. ಅದನ್ನ ಬಿಟ್ಟು ಪಡುವಲದ ಪಡಾಂಗ್ ಬೆಸಾರ್ ಬಾಗಲದಿಂದ ದಾಟ್ತೇನಿ ಅಂತ ಗೆರಿ ತಿದ್ದೇನ್ರಿ. ಅದನ್ನೂ ತೋರಸ್ತೇನಿ.

— ನಕಾಶಿ ಅಡಗಿಮನ್ಯಾಗ ಗ್ವಾಡಿಗೆ ಹಚ್ಚು. ಈಗ ಒಂದು ಮಾತು. ನಿನ್ನ ಮೊದಲನೇ ಆಸೆ ಏನಿತ್ತು? ಲಂಡನ್ನೋ, ಮನಿ ಮುಂದಿಂದ ಹೊಂಡೂದೋ?

— ...ಮನಿ ಮುಂದಿಂದ ಹೊಂಡೂದ್ರಿ. ಎಂಟನೆತ್ತಾದಾಗ ಸರಕಾರದವರು ಕೊಟ್ಟ ಸೈಕಲ್ ಮ್ಯಾಲೆ ಸಾಲಿಗೆ ಹೊಂಟಾಗಿಂದ, ಈ ರಸ್ತೆ ಬಿಡದ ತುಳದ್ರ ಎಲ್ಲಿ ತನಕ ಹೋಗಬಹುದು ಅಂತ ಅನಕೋತ ಇರ್ತಿದ್ದೆ. ವಿಮಾನದಾಗಿಂದ ಇಳದು ಯಾವದೋ ಊರಾಗ ಸುರು ಮಾಡೂದು ಯಾಕೋ ಒಗ್ಗಲಿಲ್ಲ.

— ಹಂಗಾರ ಮನಿ ಮುಂದಿಂದನ ಹೊಂಡು. ವಿಮಾನ ಇರೂದು ಬೆಂಗಳೂರಾಗ, ಬೆಂಗಳೂರಿಗೆ ರಸ್ತೆ ಐತಿ. ನರಗುಂದ, ರೋಣ, ಗಜೇಂದ್ರಗಡ. ರಾತ್ರಿ ನಮ್ಮ ಮನ್ಯಾಗ. ಮರುದಿನ ಕೊಪ್ಪಳ, ಹೊಸಪೇಟಿ. ಅಲ್ಲಿಂದ ಚಿತ್ರದುರ್ಗ, ಸಿರಾ, ತುಮಕೂರು. ಬೆಂಗಳೂರು ಊರೊಳಗ ಹೋಗಲೇಬ್ಯಾಡ: ದಾಬಸ್‌ಪೇಟಿ ಕೂಡಿಗೆ ಎಡಕ್ಕ ಹೊಳ್ಳಿ ದೊಡ್ಡಬಳ್ಳಾಪುರ, ಅಲ್ಲಿಂದ ದೇವನಹಳ್ಳಿ. ವಿಮಾನ ನಿಲ್ದಾಣ ಅಲ್ಲೇ ಐತಿ. ಒಂದು ವಾರದ ದಾರಿ.

— ಕಾಕಾರ! ಇದು ನನಗ ಹೊಳೀಲಿಲ್ಲ ನೋಡ್ರಿ. ಸೈಕಲ್ ಕಟ್ಟೂ ರಟ್ಟಿನ ಡಬ್ಬಿ?

— ಹೊಸಾ ಸೈಕಲ್ ಬಂದ ಡಬ್ಬಿ ಅಂಗಡಿಯಾಗ ಬಿದ್ದಾವ. ಮಡಚಿ ಬಸ್ಸಿಗೆ ಹಾಕಿ ದೊಡ್ಡಬಳ್ಳಾಪುರದಾಗ ನನ್ನ ಅಳಿಯನ ಮನಿಗೆ ಕಳಸ್ತೇನಿ. ಅವರ ಅಂಗಳದಾಗ ಪೆಡ್ಲು ಬಿಚ್ಚು, ಹ್ಯಾಂಡಲ್ ಅಡ್ಡ ಹೊಳ್ಳಸು, ಮುಂದಿನ ಗಾಲಿ ತಗದು ಪಕ್ಕಕ್ಕ ಕಟ್ಟು, ಟಾಯರ್ ಹವಾ ಅರ್ಧ ಬಿಡು. ಎಡಗಡೆ ಪೆಡ್ಲಿನ ಮರಿ ಉಲ್ಟಾ ಐತಿ, ಮರೀಬ್ಯಾಡ. ಪವರ್‌ಬ್ಯಾಂಕು ಕೈಚೀಲದಾಗ.

— ಅದಕ್ಕಿಂತ ಮೊದಲ ಒಂದ್ಸಲ ಪೂರ್ತಿ ಸಾಮಾನು ಹೇರಿ ತಿರಗಬೇಕಲ್ರಿ.

— ಒಂದ್ಸಲ ಅಲ್ಲ. ಗಾಲಿ ಕಟ್ಟಿದ ಮ್ಯಾಲೆ ಕಡ್ಡಿ ಹೊಂದ್ಕೊಳಾಕ ಎರಡು ಮೂರು ನೂರು ಕಿಲೋಮೀಟರ್ ಭಾರ ಹೊತ್ತು ಓಡಬೇಕು, ಆಮ್ಯಾಲೆ ಮತ್ತ ಬಿಗೀಬೇಕು. ಶ್ರಾವಣದಾಗ ಮೂರು ರಾತ್ರಿದು ಮೊದಲನೇ ಸುತ್ತು ಹಾಕು: ನರಗುಂದದಿಂದ ರೋಣ, ಇಟಗಿ, ಸೂಡಿ, ಇಲ್ಲಿ ಕಾಲಕಾಲೇಶ್ವರ, ನರೇಗಲ್ಲು, ತಿರುಗಿ ನರಗುಂದ. ಮಳಿ ಬಂದಾಗ ರೋಣದ ಎರಿ ದಾರ್ಯಾಗ ಒಂದು ಕಿಲೋಮೀಟರ್ ಬೇಕಂತಲೇ ಹೋಗು. ಮಡ್‌ಗಾರ್ಡ್ ಮತ್ತ ಟಾಯರ್ ನಡುವ ಎರಿ ಮಣ್ಣು ತುಂಬಿ ಗಾಲಿ ತಿರಗೂದು ನಿಂತಾಗ ಏನ್ ಮಾಡಬೇಕು ಅನ್ನೂದು ಇಲ್ಲೇ ಕಲಿ. ಲಾವೋಸದ ಗುಡ್ಡದಾಗ ರಸ್ತೆ ಕೆಲಸ ನಡದಲ್ಲೆ ಅಂಥಾ ಕೆಸರು ಸಿಕ್ಕೇ ಸಿಗತೈತಿ. ಆ ಸುತ್ತಿನ್ಯಾಗ ಚೀಲದಾಗಿಂದ ತಗೀದ ಸಾಮಾನು ಏನೇನ್ ಐತೋ ಬರದಿಡು. ಔಷಧ, ಪಾನಾ ಬಿಟ್ಟು ಉಳದದ್ದನ್ನ ಮನ್ಯಾಗ ಬಿಡು.

— ಒಂದು ಕೇಳ್ಲೇನ್ರಿ? ಮೂರು ತಿಂಗಳ ರಜಾ, ಇಷ್ಟು ರೊಕ್ಕ, ಮನಿಯವರ ಜೀವ ಹಿಂಡೂದು. ನಡುವ ಲಾವೋಸದಾಗ ನನಗ ಸಾಕಾತು ಅನ್ನಿಸಿದ್ರ?

— ವಿಯೆಂಟಿಯಾನ್‌ದಾಗ ಒಂದು ವಾರ ಮಲಗು. ಆಗೂ ಸಾಕನ್ನಿಸಿದ್ರ ರೈಲು, ವಿಮಾನ, ಮನಿ. 800 ಕಿಲೋಮೀಟರ್ ಗುಡ್ಡ ದಾಟಿ ಬಂದಾಕಿಗೆ ನರಗುಂದದಾಗ ಯಾರ ಮುಂದೂ ತಲಿ ತಗ್ಗಸೂ ಕಾರಣ ಇಲ್ಲ. ಅದಕ್ಕನ ನಾ ಹೇಳೂದು, ಕ್ವಾಲಾಲಂಪುರದಿಂದ ತಿರುಗಿ ಬರೂ ಟಿಕೆಟ್ ತಗಸೂವಾಗ ತಾರೀಖು ಬದಲಿಸಾಕ ಬರೂವಂಥಾದ್ದು ತಗಸು, ಸ್ವಲ್ಪ ಹೆಚ್ಚ ಆದ್ರೂ. ಆ ಟಿಕೆಟ್ ಇಲ್ಲದ ಹನೋಯಿ ವಿಮಾನ ಹತ್ತಿಸಿಕೊಳ್ಳೂವರೂ ತಕರಾರು ಮಾಡ್ತಾರ, ಹೌದಿಲ್ಲೋ?

— ಹೌದ್ರಿ, ಹೊರಗ ಹೋಗೂ ಪುರಾವೆ ಕೇಳ್ತಾರ. ಹಂಗಾರ ದೀಪಾವಳಿ ಮುಗಿಸಿ ನವೆಂಬರ್ ಮೊದಲನೇ ವಾರ ನರಗುಂದ ಬಿಡೂದು, ಎರಡನೇ ವಾರ ಹನೋಯಿ. ಸೈಕಲ್ ಇವತ್ತ ಬಿಟ್ಟು ಹೋಗ್ಲೇನ್ರಿ?

— ಗಾಲಿ ಅಷ್ಟೇ ಬಿಡು. ಅಂಗಡಿಯಾಗಿನ ಬ್ಯಾರೆ ಗಾಲಿ ಹಾಕಿ ಕೊಡ್ತೇನಿ. ಮುಂದಿನ ಐತವಾರ ಬಾ, ಕಟ್ಟೂಣು. ಮತ್ತ ನಿಮ್ಮ ಅಪ್ಪಗ ಹೇಳು, ನವೆಂಬರದಾಗ ಗಜೇಂದ್ರಗಡದಿಂದ ಹೊಸಪೇಟಿ ತನಕ ನಾನೂ ಜೋಡಿ ತುಳೀತೇನಿ, ನನ್ನ ಅಟ್ಲಾಸ್ ಮ್ಯಾಲೆ. ಪೂರ್ತಿ ಭಾರ ಹೊತ್ತು ಹೊಸಾ ಕಡ್ಡಿ ಹೆಂಗ ಅದಾವ ನೋಡಿ, ಬೇಕಾದ್ರ ಒಂದು ಸುತ್ತು ಬಿಗಿದು, ಸಂಜಿ ಬಸ್ಸಿಗೆ ಸೈಕಲ್ ಹಾಕ್ಕೊಂಡು ತಿರುಗಿ ಬರ್ತೇನಿ.